ರಾಮಾ ಬಾಯಿ ತೆರೆಯುತ್ತಿಲ್ಲ

೧

ಈ ಕಥೆಯನ್ನು ಬೆಂಕಿಕಡ್ಡಿ ಗೀರುವುದರಿಂದ ಶುರು ಮಾಡಬೇಕು ಅಂದುಕೊಂಡಿದ್ದೆ. ಗೀರಿದೆ, ಗಾಳಿಗೆ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಬೆಳಂಬಾರದ ಕಡಲಂಚಿನಲ್ಲಿ ಕೂತು ಕಡ್ಡಿ ಗೀರುವ ಲೇಖಕನಿಗೆ ಅಷ್ಟೂ ಗೊತ್ತಾಗಬಾರದೇ? (ನಿಜಕ್ಕೂ ನಾನು ಕೂತಿರುವುದು ಬೊಬ್ರುವಾಡದ ನಮ್ಮ ಮನೆಯ ಜಗಲಿಯಲ್ಲಿ, ಟೇಬಲ್ ಫ್ಯಾನಿನ ಎದುರು. ಗಾಳಿ ಅದರದ್ದೇ.)

ಎರಡನೆಯ ಆರಂಭ: 'ರಾಮಾ ಬೀಡಿ ಹಚ್ಚಿದ.' ಸಣ್ಣ ವಾಕ್ಯ, ಚೆನ್ನಾಗಿದೆ. ಆದರೆ ಅದನ್ನು ಬರೆದ ಕೂಡಲೇ ನನ್ನ ಕೈ ತಾನಾಗಿಯೇ ಕೆಳಗೊಂದು ಸಾಲು ಸೇರಿಸಿತು: 'ಧೂಮಪಾನ ಆರೋಗ್ಯಕ್ಕೆ ಹಾನಿಕರ.' ಏನು ಮಾಡಲಿ, ಉದ್ಯೋಗದ ಚಟ. ನಾನು ಕಾರವಾರದ ಒಂದು ಕಚೇರಿಯಲ್ಲಿ ಗುತ್ತಿಗೆ ನೌಕರ. ಕಚೇರಿಯ ಹೆಸರು ಬೇಡ. ಹೇಳಿದರೆ ಮಾರ್ಚ್ ನಂತರ ಗುತ್ತಿಗೆ ಇರುವುದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವವರನ್ನು ಹಿಡಿದು ದಂಡ ಹಾಕುವ ತಂಡದಲ್ಲಿ ರಶೀದಿ ಬರೆಯುವುದು, ಫೋಟೋ ತೆಗೆಯುವುದು, ವರದಿ ಟೈಪ್ ಮಾಡುವುದು ನನ್ನ ಕೆಲಸ. ಹಗಲು ವರದಿ, ಸಂಜೆ ಕಥೆ. ಎರಡರಲ್ಲೂ ಸಿಕ್ಕವರನ್ನು ಹಿಡಿದು ನಿಲ್ಲಿಸುತ್ತೇನೆ.

ಮೂರನೆಯ ಆರಂಭ: ನನಗೆ ಹೆದರಿಕೆಯಾಗುತ್ತಿದೆ.

ಇದನ್ನೇ ಇಟ್ಟುಕೊಳ್ಳೋಣ. ಮೂರರಲ್ಲಿ ಇದೊಂದೇ ನಿಜ.

೨

ರಾಮಾನ ಪರಿಚಯ. ವಯಸ್ಸು ಐವತ್ತಾರು, ಊರು ಬೆಳಂಬಾರ. ಒಂದು ಪಾತಿ ದೋಣಿ, ಮೂರು ಬಲೆ, ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ಮಾನಸಾ. ಹೆಂಡತಿ ಇಲ್ಲ. (ಮೊದಲ ಡ್ರಾಫ್ಟಿನಲ್ಲಿದ್ದಳು. ಪ್ರತಿ ಪುಟದಲ್ಲೂ ಅಳುತ್ತಿದ್ದಳು, ತೆಗೆದುಹಾಕಿದೆ. ಅದು ಗೊತ್ತಾಗಿ ರಾಮಾ ಮೂರು ದಿನ ಕಥೆಯ ಕಡೆ ಬರಲಿಲ್ಲ.)

ಹರೆಯದಲ್ಲಿ ರಾಮಾ ಬೆಂಕಿ ಹೊರುತ್ತಿದ್ದ. ಮಂಜಗುಣಿಯ ಹತ್ತಿರ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ತೆರೆ ಏಳುತ್ತದೆ. ದಾಟುವಾಗ ದೋಣಿಯಲ್ಲಿದ್ದವರೆಲ್ಲ ತೋಯುತ್ತಾರೆ, ಸೊಂಟದಲ್ಲಿ ಸಿಕ್ಕಿಸಿದ ಬೆಂಕಿಪೆಟ್ಟಿಗೆಯೂ ತೋಯುತ್ತದೆ. ಅದಕ್ಕೆ ರಾಮಾ ದಡದಲ್ಲೇ ಒಂದು ಬೀಡಿ ಹಚ್ಚಿ, ಅದನ್ನು ತಿರುಗಿಸಿ, ಉರಿಯುವ ತುದಿಯನ್ನು ಬಾಯೊಳಗೆ ಇಟ್ಟು ತುಟಿ ಮುಚ್ಚುತ್ತಿದ್ದ. ಕೆಳಗೆ ನಾಲಿಗೆ, ಮೇಲೆ ಅಂಗುಳ, ನಡುವೆ ಕೆಂಡ. ಅಳಿವೆ ದಾಟಿ ಬೀಡಿ ಹೊರಗೆ ತೆಗೆದರೆ ಅದು ಉರಿಯುತ್ತಲೇ ಇರುತ್ತಿತ್ತು. ಜೊತೆಯ ಐವರು ಅದಕ್ಕೇ ತಮ್ಮ ಬೀಡಿ ತಾಗಿಸಿ ಹಚ್ಚಿಕೊಳ್ಳುತ್ತಿದ್ದರು. ಆರು ಜನರ ದೋಣಿಗೆ ಒಂದು ಬಾಯಿ.

ಲೈಟರ್ ಬಂದ ಮೇಲೆ ಈ ಕೆಲಸ ಯಾರಿಗೂ ಬೇಡವಾಯಿತು. ರಾಮಾ ಕೂಡ ಎಲ್ಲರಂತೆ ಬೆಂಕಿಯನ್ನು ಹೊರಗಿಟ್ಟು, ಮಾತಾಡುತ್ತ, ನಗುತ್ತ, ಕೆಮ್ಮುತ್ತ ಸೇದತೊಡಗಿದ. ಅದೂ ಹಾನಿಕರವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಇಪ್ಪತ್ತು ವರ್ಷಗಳ ನಂತರ, ಈಗ, ಅವನು ಮತ್ತೆ ಬೀಡಿ ತಿರುಗಿಸಿ ಇಟ್ಟುಕೊಂಡಿದ್ದಾನೆ. ಕಾರಣ ನಾನು.

೩

(ಇಲ್ಲಿ ರಾಮಾ ನಡುವೆ ಬಾಯಿ ಹಾಕಿದ.)

"ತಮಾ, ಒಂದ್ ಬೀಡಿ ಸೇದ್ಲಾ?"

"ಇಲ್ಲಿ ಬೇಡ ರಾಮಣ್ಣ. ಕಥೆ ಸಾರ್ವಜನಿಕ ಸ್ಥಳ. ಯಾರು ಬೇಕಾದರೂ ಒಳಗೆ ಬರಬಹುದು, ಇಪ್ಪತ್ತೊಂದು ತುಂಬದವರೂ ಬರಬಹುದು."

"ಹಂಗಾರೆ ನಾ ಹೊರಗೆ ಕೂತು ಸೇದ್ತೆ. ನೀ ಒಳಗೆ ಬರಕಂತಾ ಇರು."

ಅವನು ಹೋದ. ಅವನಿಲ್ಲದ ಕಥೆ ಒಂದೂವರೆ ಪುಟ ಸಾಗಿತು. ಅದರಲ್ಲಿ ಸ್ವಾತಂತ್ರ್ಯದ ಬಗ್ಗೆ ಬಹಳ ಗಂಭೀರವಾದ ಮಾತುಗಳಿದ್ದವು, ಅನುವಾದಿತ ಕಾದಂಬರಿಗಳನ್ನು ಓದಿ ಓದಿ ಬಂದ ಭಾಷೆಯಲ್ಲಿ. 'ವ್ಯಕ್ತಿಯ ದೇಹವೇ ಪ್ರಭುತ್ವದ ಕೊನೆಯ ಗಡಿ' ಅಂತ ಒಂದು ವಾಕ್ಯವಂತೂ ಇತ್ತು. ಹರಿದುಹಾಕಿದೆ. ನಿಮಗೆ ಉಪಕಾರವಾಯಿತು.

೪

ಅಂಕೋಲಾ ಬಸ್ ಸ್ಟ್ಯಾಂಡ್, ಮಧ್ಯಾಹ್ನ ಹನ್ನೆರಡೂವರೆ. ನಮ್ಮ ತಂಡ ಅಂದರೆ ಇಬ್ಬರು: ಮೇಲಧಿಕಾರಿ ಹರಿಶ್ಚಂದ್ರ ಸರ್ ಮತ್ತು ನಾನು. ರಾಮಾ 'ಧೂಮಪಾನ ನಿಷೇಧಿಸಲಾಗಿದೆ' ಎಂಬ ಬೋರ್ಡಿನ ಕೆಳಗೇ ನಿಂತು ಸೇದುತ್ತಿದ್ದ.

"ಬೋರ್ಡ್ ಕಾಣ್ತದೆಯಾ?" ಹರಿಶ್ಚಂದ್ರ ಸರ್ ಕೇಳಿದರು.

"ಕಾಣ್ತದೆ ಸಾಯ್ಬ್ರೇ. ಅದ್ರ ಅಡಿಗೆ ಬಿಸ್ಲಿಲ್ಲ, ಅದ್ಕೇ ನಿಂತದ್ದು."

ಬಾಳೆಹಣ್ಣು ಮಾರುವವಳು ನಕ್ಕಳು. ಸರ್ ನಗಲಿಲ್ಲ. "ಸಾವಿರ ರೂಪಾಯಿ ದಂಡ."

"ಸಾವಿರಾ? ಸಾವಿರಕ್ಕೆ ನಾ ಅಂಗ್ಡೀನೇ ಸೇದ್ತೆ ಮಾರಾಯ್ರೆ!"

'ಸಾವಿರಾ' ಎನ್ನುವಾಗ ಅವನ ಬಾಯಿ ಪೂರ್ತಿ ತೆರೆದಿತ್ತು. ಆಗ ಫೋಟೋ ತೆಗೆದೆ. ಕಂದು ಹಲ್ಲು, ಹೊರಗೆ ಬಂದ ನಾಲಿಗೆ, ಕೈಯಲ್ಲಿ ಉರಿಯುವ ಬೀಡಿ. ಸಾಕ್ಷ್ಯಕ್ಕೆ ಇದಕ್ಕಿಂತ ಒಳ್ಳೆಯ ಫೋಟೋ ಬೇಕೇ?

(ಓದುಗರೇ, ಹರಿಶ್ಚಂದ್ರ ಸರ್ ಅವರನ್ನು ಖಳನಾಯಕ ಮಾಡಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಒಂದು ಡ್ರಾಫ್ಟಿನಲ್ಲಿ ಮೀಸೆಯನ್ನೂ ಇಟ್ಟಿದ್ದೆ. ಆದರೆ ವಾಪಸು ಬರುವಾಗ ಜೀಪಿನಲ್ಲಿ ಅವರು, ನಾನು ಕೇಳದೆಯೇ, ಹೇಳಿದರು: "ನಮ್ಮ ಅಣ್ಣ ಇದ್ರಲ್ಲೇ ಹೋದ. ದವಡೆ ತೆಗ್ದಿದ್ರು. ಕೊನೇ ನಾಕು ತಿಂಗ್ಳು ಎಲ್ಲ ಬರ್ದೇ ತೋರಿಸ್ತಿದ್ದ. ನೀರು ಅಂತ, ಫ್ಯಾನು ಅಂತ. ಒಂದಿನ ಬರ್ದ, ನಂಗೆ ಯಾರೂ ಎಂತಕೆ ಬೈಲಿಲ್ಲ ಅಂತ.")

೫

ತಪ್ಪು ಎಲ್ಲಿ ಆಯಿತೆಂದರೆ:

ಫೋಟೋವನ್ನು ಕಚೇರಿಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕಿತ್ತು. ನನ್ನ ಫೋನಿನಲ್ಲಿ ಅದರ ಮೇಲೆಯೇ ಇನ್ನೊಂದು ಗ್ರೂಪ್ ಇದೆ, 'ಅಂಕೋಲಾ ತಾಜಾ ಮೀನು'. ದಿನವೂ ದೋಣಿ ಬಂದ ಕೂಡಲೇ ಅದರಲ್ಲಿ ಮೀನಿನ ಫೋಟೋ ಬೀಳುತ್ತದೆ, ಕೆಳಗೆ ರೇಟು. ಅಂಕೋಲಾದಿಂದ ಬೆಳಂಬಾರದವರೆಗೆ ನಾಲ್ಕುನೂರು ಮನೆಗಳ ಮಧ್ಯಾಹ್ನದ ಸಾರು ಆ ಗ್ರೂಪಿನಲ್ಲಿ ತೀರ್ಮಾನವಾಗುತ್ತದೆ. ಜೀಪು ಕುಲುಕಿತು, ಬೆರಳು ಜಾರಿತು. ಬಂಗಡೆಗೂ ನೊಗಲಿಗೂ ನಡುವೆ ರಾಮಾ ಬಾಯಿ ತೆರೆದು ಬಿದ್ದಿದ್ದ.

ಮೊದಲ ಉತ್ತರ ಅರ್ಧ ನಿಮಿಷದಲ್ಲಿ ಬಂತು: 'ಕೆಜಿಗೆ ಎಷ್ಟು?'

ಎರಡನೆಯದು: 'ಹೊಗೆ ಹಾಕಿ ಒಣಗ್ಸಿದ್ದಾ?'

ನಾನು ನೋಡಿ ಅಳಿಸುವಷ್ಟರಲ್ಲಿ ಹನ್ನೊಂದು ನಿಮಿಷ. ಅಷ್ಟರಲ್ಲಿ ಯಾರೋ ಅದನ್ನು ಸ್ಟಿಕರ್ ಮಾಡಿಬಿಟ್ಟಿದ್ದರು. ಈಗ ಈ ಕಡೆ ಯಾರಿಗಾದರೂ ಆಶ್ಚರ್ಯವಾದರೆ ರಾಮಾನ ಬಾಯಿ ಕಳಿಸುತ್ತಾರೆ. ಕ್ರಿಕೆಟ್ ಸೋತರೆ ರಾಮಾನ ಬಾಯಿ. ಸಿಲಿಂಡರ್ ರೇಟು ಏರಿದರೆ ರಾಮಾನ ಬಾಯಿ. ನನ್ನ ಸ್ವಂತ ಚಿಕ್ಕಮ್ಮನೇ ನನಗೆ ಕಳಿಸಿದಳು, ಯಾರು ತೆಗೆದದ್ದೆಂದು ಗೊತ್ತಿಲ್ಲದೆ.

ಆ ದಿನದಿಂದ ರಾಮಾ ಬಾಯಿ ಮುಚ್ಚಿದ.

೬

ಹತ್ತು ದಿನಗಳ ನಂತರ ಕಾರವಾರದಿಂದ ಅಂಕೋಲಾಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಅವನೇ ಕೂತಿದ್ದ. ಕಾಲಬುಡದಲ್ಲಿ ಬಲೆಯ ನೂಲಿನ ಕಟ್ಟು. ತುಟಿಯಲ್ಲಿ ಬೀಡಿ, ಹೊರಗಿನ ತುದಿಯಲ್ಲಿ ಬೆಂಕಿ ಇರಲಿಲ್ಲ, ಹಸಿರು ದಾರ ಕಾಣುತ್ತಿತ್ತು. ಕಂಡಕ್ಟರ್ ಅದನ್ನು ನೋಡಿದ. "ಹಚ್ಚೂಕಿಲ್ಲ ಹಾಂ, ಬಸ್ಸಿದು." ರಾಮಾ ತಲೆಯಾಡಿಸಿದ. ಅಂಕೋಲಾ ಅನ್ನಲು ಬಾಯಿ ಬಿಡದೆ, ಎಣಿಸಿಟ್ಟ ಚಿಲ್ಲರೆ ಕೊಟ್ಟು ಮುಂದಕ್ಕೆ ಕೈ ತೋರಿಸಿದ.

ಬಿಣಗಾ ದಾಟಿದ ಮೇಲೆ ಅವನ ಮೂಗಿನಿಂದ ನೂಲಿನೆಳೆಯಷ್ಟು ಹೊಗೆ ಬಂದು ಕಿಟಕಿಯಿಂದ ಹೊರಗೆ ಹೋಯಿತು.

ನಾನು ಅವನ ಕೆನ್ನೆ ನೋಡಿದೆ. ಒಳಗೆ ಎಳೆದುಕೊಂಡಿತ್ತು. ಆ ಕೆನ್ನೆಯ ಹಿಂದೆ, ಒಂದು ಬೆರಳಿನಷ್ಟು ದೂರದಲ್ಲಿ, ಕೆಂಡ ಇದೆ ಅಂತ ಇಡೀ ಬಸ್ಸಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ರಶೀದಿ ಪುಸ್ತಕ ನನ್ನ ಚೀಲದಲ್ಲೇ ಇತ್ತು. ನಮ್ಮ ಹಿಂದಿನ ಸೀಟಿನಲ್ಲಿ ಒಬ್ಬಾಕೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು, ಮಗು ಎರಡು ಸಲ ಕೆಮ್ಮಿತು. ಹೇಳಬೇಕಿತ್ತು. ಆ ಮಗುವಿಗಾಗಿಯಾದರೂ ಹೇಳಬೇಕಿತ್ತು. ಹೇಳಿದರೆ ಅವನು ಬಾಯಿ ತೆರೆಯಬೇಕಾಗುತ್ತದೆ, ತೆರೆದರೆ ನಾನು ಒಳಗೆ ನೋಡಬೇಕಾಗುತ್ತದೆ. ನಾನು ಕಿಟಕಿಯ ಕಡೆ ತಿರುಗಿ ಅವರ್ಸಾದ ಗದ್ದೆಗಳನ್ನು ನೋಡಿದೆ.

ಇಳಿಯುವಾಗ ಅವನು ಬೀಡಿಯ ಮೋಟು ತೆಗೆದು, ಕೈಯಡ್ಡ ಹಿಡಿದು ಬೂದಿ ಉಗುಳಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದ:

"ಹೊಗೆ ಹೊರಗೆ ಬಂದ್ರೆ ನಿಮ್ದು. ಬೆಂಕಿ ಒಳಗಿಟ್ಕಂಡ್ರೆ ನಂದು. ಅಲ್ದಾ ತಮಾ?"

ಅಂದಿನಿಂದ ನಾನು ದಿನಕ್ಕೆ ಹತ್ತು ಸಲ ನಾಲಿಗೆಯಿಂದ ನನ್ನ ಅಂಗುಳ ತಡವಿಕೊಳ್ಳುತ್ತೇನೆ. ನಾನು ಸೇದುವುದಿಲ್ಲ. ಆದರೂ ತಡವಿಕೊಳ್ಳುತ್ತೇನೆ. (ನೀವು ಈಗಷ್ಟೇ ತಡವಿಕೊಂಡಿರಿ. ಸುಳ್ಳು ಹೇಳಬೇಡಿ.)

೬, ಮತ್ತೆ

ಮೇಲಿನ ಭಾಗ ಚಂದವಾಯಿತು ಅನಿಸಿ ಖುಷಿಪಟ್ಟೆ. ಆ ಖುಷಿಗೆ ನಾಚಿಕೆಯಾಗಿ ಅಳಿಸಹೊರಟೆ. ಅಳಿಸಲಿಲ್ಲ. ಮುಂದೆ.

೭

ಮಾನಸಾ ಕಚೇರಿಗೆ ಬಂದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಬಿಳಿ ಯೂನಿಫಾರ್ಮಿನಲ್ಲೇ. ನಾನು ಎದ್ದು ನಿಂತೆ, ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಫೋಟೋ ತೆಗ್ದವ್ರು ನೀವೇ ಅಲ್ದಾ ಸರ್?"

ಅವಳು ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಆ 'ಸರ್' ಕಪಾಳಕ್ಕೆ ಹೊಡೆದ ಹಾಗಿತ್ತು.

"ತಪ್ಪಾಗಿ ಹೋಯ್ತು..."

"ತಪ್ಪು ನಾ ಕೇಳೂಕೆ ಬರ್ಲಿಲ್ಲ. ಅಪ್ಪ ಮೊನ್ನೆ ಮಧ್ಯಾಹ್ನ ಮಲ್ಗಿದ್ದಾಗ ಬಾಯಿ ತೆರ್ದಿತ್ತು. ಅಂಗುಳದಲ್ಲಿ ಬೆಳ್ಳಗೆ ಇಷ್ಟಗಲ ಮಚ್ಚೆ." ಅವಳು ಹೆಬ್ಬೆರಳಿನ ಉಗುರು ತೋರಿಸಿದಳು. "ನಡೂಗೆ ಕೆಂಪು. ಟಾರ್ಚ್ ಹಾಕಿ ನೋಡ್ವಾ ಅಂತ ಫೋನ್ ತೆಗ್ದೆ. ಎಚ್ಚರಾಯ್ತು. ಫೋನ್ ಕಂಡ್ಕೂಡ್ಲೇ ಬಾಯಿ ಮುಚ್ದ. 'ನೀನೂ ತೆಗೀತಿಯೇನೇ' ಅಂದ. ನನಗೆ ಸರ್. ಮಗಳಿಗೆ."

ಫ್ಯಾನು ತಿರುಗುತ್ತಿತ್ತು. ಗೋಡೆಯ ಮೇಲೆ ನಮ್ಮ ಇಲಾಖೆಯ ಪೋಸ್ಟರು, ಅದರಲ್ಲಿ ಒಂದು ಕೊಳೆತ ಬಾಯಿ. ಮಾನಸಾ ಅದನ್ನೇ ನೋಡುತ್ತಿದ್ದಳು.

"ಅದು ಅದೇ ಹೌದಾ?" ಎಂದು ಕೇಳಿದೆ.

"ಗೊತ್ತಿಲ್ಲ. ಆಗಿದ್ರೂ ಈಗ ತೋರ್ಸಿದ್ರೆ ಸಣ್ಣ ಕೆಲ್ಸ. ಮಳೆಗಾಲ ಮುಗೀಲಿ ಅಂದ್ರೆ ಸಣ್ಣ ಕೆಲ್ಸ ಅಲ್ಲ. ಬೆಳಂಬಾರ ಶಾಲೇಲಿ ಹಲ್ಲು ತಪಾಸಣೆ ಕ್ಯಾಂಪ್ ಮಾಡ್ತ್ರಿ ಅಲ್ದಾ? ಬೇಗ ಮಾಡ್ಸಿ. ನಾ ಕರ್ಕಂಡ್ ಬರ್ತೆ."

ನಾನು ಒಪ್ಪಿದೆ. ಹರಿಶ್ಚಂದ್ರ ಸರ್ ಒಂದೇ ವಾರದಲ್ಲಿ ಮಾಡಿಸಿದರು.

೮

ಕ್ಯಾಂಪು. ಶಾಲೆಯ ಕೋಣೆ, ಒಂದು ಮಡಚುವ ಕುರ್ಚಿ, ಹಣೆಗೆ ದೀಪ ಕಟ್ಟಿಕೊಂಡ ಹಲ್ಲಿನ ಡಾಕ್ಟರು. ಬಾಗಿಲ ಹತ್ತಿರ ನಾನು, ಎದುರಿಗೆ ರಿಜಿಸ್ಟರು.

ರಾಮಾ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮಾನಸಾ ಕೈ ಹಿಡಿದುಕೊಂಡಿದ್ದಳು. ಹನ್ನೆರಡು ಹೆಜ್ಜೆ ನಡೆದಿದ್ದರೆ ಕುರ್ಚಿ ಸಿಗುತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ಫೋನ್ ರಿಂಗಾಯಿತು, ನಾನು ಅದನ್ನು ಕೈಗೆತ್ತಿಕೊಂಡೆ. ಅಷ್ಟೇ. ರಾಮಾ ನಿಂತ. ನನ್ನ ಮುಖ ನೋಡಿದ, ಫೋನ್ ನೋಡಿದ, ಕುರ್ಚಿಯ ಮೇಲೆ ಬಾಯಿ ಅಗಲಿಸಿ ಮಲಗಿದ್ದ ಮುದುಕನನ್ನು ನೋಡಿದ.

"ಇಲ್ಲೂ ಇಂವ ಇದ್ನಾ?" ಎಂದ. ಸಿಟ್ಟಿನಲ್ಲಿ ಅಲ್ಲ, ಹೆದರಿ.

ಕೈ ಬಿಡಿಸಿಕೊಂಡು ಹೊರಗೆ ಹೋದ. ಮಾನಸಾ ಅಂಗಳದ ತನಕ ಓಡಿದಳು. "ಅಪ್ಪಾ, ಎರಡ್ ನಿಮಿಷಾ ಅಪ್ಪಾ! ಅವ್ರು ಹೊರಗೆ ಹೋತ್ರು, ನೀ ಬಾ!" ಅವನು ತಿರುಗಿ ನೋಡಲಿಲ್ಲ. ಮಾನಸಾ ವಾಪಸು ಬಂದು, ರಿಜಿಸ್ಟರಿನಲ್ಲಿ ನಾನು ಮೊದಲೇ ಬರೆದಿಟ್ಟಿದ್ದ ತಂದೆಯ ಹೆಸರಿನ ಮೇಲೆ ಬೆರಳಿಟ್ಟು ನಿಂತಳು. ಫೋನಿನಲ್ಲಿ ನನಗೆ ಯಾರೋ ಸಾಲ ಬೇಕೇ ಎಂದು ಕೇಳುತ್ತಿದ್ದರು.

೯

ಈಗ ಅಂತ್ಯ ಬರೆಯಬೇಕು. ನಾನು ಲೇಖಕ, ಈ ಹನ್ನೆರಡು ಹೆಜ್ಜೆಯನ್ನು ಒಂದೇ ವಾಕ್ಯದಲ್ಲಿ ದಾಟಿಸಬಲ್ಲೆ.

ಅಂತ್ಯ ಅ: ರಾಮಾ ಬಾಯಿ ತೆರೆದ. ಒಳಗೆ ಏನೂ ಇರಲಿಲ್ಲ. ಬಿಳಿ ಮಚ್ಚೆ ಮೀನಿನ ಮುಳ್ಳು ಚುಚ್ಚಿದ ಗಾಯ. ಎಲ್ಲರೂ ನಕ್ಕರು.

"ನಿಂಗೆ ಸಸಾರ ಆತು ಅಲ್ದಾ?" ರಾಮಾ ಹಾಳೆಯ ಅಂಚಿನಿಂದ ಕೇಳಿದ. "ತಪ್ಪೇ ಇಲ್ದಂಗೆ ಮಾಡ್ಕಂಡಿ."

ಅಂತ್ಯ ಆ: ರಾಮಾ ಬಾಯಿ ತೆರೆದ. ಡಾಕ್ಟರು ದೀಪ ಆರಿಸಿ, ಮಾನಸಾಳ ಕಡೆ ನೋಡಿ...

"ಹೋಯ್, ನಿಲ್ಸಾ! ನನ್ ಸಾಯ್ಸಿ ನಿನ್ ಕಥೆ ಚಂದ ಮಾಡ್ತ್ಯಾ?"

"ಹಾಗಲ್ಲ ರಾಮಣ್ಣ. ಓದಿದವರಿಗೆ ಬುದ್ಧಿ ಬರಲಿ ಅಂತ..."

"ಹಂಗಾರೆ ಆ ಪೋಸ್ಟರಲ್ಲಿ ಇದ್ದವಂದು ಕಥೆ ಬರಿ. ಅವ್ನ ಹೆಸ್ರು ಯಾರೂ ಕೇಳ್ಲಿಲ್ಲ."

ಅಂತ್ಯ ಇ: ಕಥೆಯಲ್ಲಿ ಬೀಡಿಯೇ ಇಲ್ಲದಂತೆ ಮಾಡುವುದು. ನಿಷೇಧ. ಮೊದಲ ಪುಟದವರೆಗೂ ಹಿಂದಕ್ಕೆ ಹೋಗಿ ಎಲ್ಲ ಬೀಡಿಗಳನ್ನೂ ಅಳಿಸಿದೆ. ಬಸ್ಸಿನಲ್ಲಿ ರಾಮಾ ಸುಮ್ಮನೆ ಕೂತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದ. ಆದರೂ ಅವನ ಮೂಗಿನಿಂದ ಹೊಗೆ ಬರುತ್ತಲೇ ಇತ್ತು. ಅಳಿಸಿದ್ದನ್ನು ಹೆದರಿ ಮತ್ತೆ ಬರೆದೆ.

ಆಗ ಅರ್ಥವಾಯಿತು, ನಾನು ಪ್ರತಿ ಅಂತ್ಯದಲ್ಲೂ ಅವನಿಗೆ ಬಾಯಿ ತೆರೆ ಎನ್ನುತ್ತಿದ್ದೇನೆ. ಪೆನ್ನು ಹಿಡಿದು ಎನ್ನುತ್ತೇನೆ, ಫೋನ್ ಹಿಡಿದು ಎನ್ನುತ್ತೇನೆ. ಅವನ ಜೀವಕ್ಕೆ ಒಳ್ಳೆಯದಾಗಲಿ ಅಂತಲೇ. ಹರಿಶ್ಚಂದ್ರ ಸರ್ ಕೂಡ ಹಾಗೆಯೇ. ಮಾನಸಾಳೂ. ನಾವು ಮೂವರೂ ಹೇಳುತ್ತಿರುವುದು ಸರಿ, ಹಾಗಿದ್ದೂ ಅವನ ಬಾಯಿ ದಿನದಿನಕ್ಕೆ ಬಿಗಿಯಾಗುತ್ತಿದೆ. ಒಳಗೆ ಕೆಂಡ ಅದೇ ಜಾಗವನ್ನು ಮತ್ತೆ ಮತ್ತೆ ಸುಡುತ್ತಿದೆ.

೧೦

ಭಾನುವಾರ ಸಂಜೆ ನಾಲ್ಕಕ್ಕೆ, ಮಾನಸಾಗೆ ಮೆಸೇಜು ಹಾಕಿ, ಬೆಳಂಬಾರಕ್ಕೆ ಹೋದೆ. ಇದು ನಾನು ಬರೆದದ್ದಲ್ಲ, ನಡೆದದ್ದು. (ಲೇಖಕರು ಹೀಗೆ ಹೇಳಿದಾಗ ಸಾಮಾನ್ಯವಾಗಿ ನಂಬಬಾರದು.)

ರಾಮಾ ದೋಣಿಯ ನೆರಳಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡಿದ್ದ, ಹಚ್ಚಿರಲಿಲ್ಲ. ನಾನು ಮರಳಿನ ಮೇಲೆ ಕೂತೆ.

"ರಾಮಣ್ಣ, ತಪ್ಪಾಯ್ತು. ಫೋಟೋ ಅಳಿಸಿದ್ದೇನೆ."

"ನಿನ್ ಫೋನಲ್ಲಿ ಅಳಿಸ್ದಿ. ಊರ್ ಫೋನಲ್ಲಿ ಅದೆ." ಅವನು ನೂಲು ಹಲ್ಲಿನಿಂದ ಕಡಿಯಲಿಲ್ಲ, ಚಾಕುವಿನಿಂದ ಕತ್ತರಿಸಿದ. ಆ ಹಲ್ಲನ್ನೂ ತೋರಿಸುವುದಿಲ್ಲ ಎಂಬಂತೆ.

"ಮಾನಸಾಗೋಸ್ಕರ ಆದ್ರೂ..."

"ಬಾಯಿ ತೆರಿ," ಎಂದ ರಾಮಾ.

"ಹಾಂ?"

"ನೀ ತೆರಿ ಮೊದ್ಲು. ಆ ಫೋನ್ ತಾ ಇಲ್ಲಿ."

ಕೊಟ್ಟೆ. ಟಾರ್ಚ್ ಹಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಾಯಿ ತೆರೆದೆ. ಅವನು ಎಡಗೈಯಿಂದ ನನ್ನ ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿದ. ಬೆರಳಿಗೆ ಉಪ್ಪು, ಮೀನು, ತಂಬಾಕಿನ ವಾಸನೆ. ಅವನು ನೋಡಿದ. ಬಹಳ ಹೊತ್ತು ನೋಡಿದ. ಜೊಲ್ಲು ಗಲ್ಲಕ್ಕಿಳಿಯಿತು, ಕಣ್ಣಲ್ಲಿ ನೀರು ಬಂತು, ನುಂಗಲು ಆಗಲಿಲ್ಲ. ಇಪ್ಪತ್ತೇಳು ವರ್ಷದಿಂದ ನನ್ನೊಳಗಿದ್ದೂ ನಾನೇ ನೋಡಿರದ ಜಾಗವನ್ನು ಇನ್ನೊಬ್ಬ ನೋಡುತ್ತಿದ್ದ. ಕೈಯಲ್ಲಿ ಫೋನ್ ಇತ್ತು. ಈಗ ಕ್ಲಿಕ್ ಆಗುತ್ತದೆ, ಈಗ ಆಗುತ್ತದೆ ಎಂದು ಕಾದೆ.

ಆಗಲಿಲ್ಲ.

ಟಾರ್ಚ್ ಆರಿಸದೆಯೇ ಫೋನ್ ವಾಪಸು ಕೊಟ್ಟ. ನಾನು ಬಾಯಿ ಒರೆಸಿಕೊಂಡು ಕೇಳಿದೆ, "ಎಂತ ಕಂಡಿತು?"

"ನಿನ್ ಬಾಯಿ ನಿಂದಲ್ದಾ? ನಾ ಎಂತಕೆ ಊರಿಗೆಲ್ಲ ಹೇಳ್ಲಿ?"

ಅವನು ಕಿವಿಯ ಮೇಲಿನ ಬೀಡಿ ತೆಗೆದು, ಎರಡೂ ಕೈ ಬೊಗಸೆ ಮಾಡಿ ಕಡ್ಡಿ ಗೀರಿದ. ಈ ಗಾಳಿಯಲ್ಲಿ ಒಂದೇ ಕಡ್ಡಿಗೆ ಹತ್ತಿತು. ನಾಲ್ಕು ದಮ್ಮು ಎಳೆದ. ಆಮೇಲೆ ಬೀಡಿ ತಿರುಗಿಸಿ, ಬೆಂಕಿ ಒಳಗಿಟ್ಟು, ತುಟಿ ಮುಚ್ಚಿದ.

ಈಗ ಇಲ್ಲಿದ್ದೇವೆ. ಅವನು ಕಡಲ ಕಡೆ ನೋಡುತ್ತಿದ್ದಾನೆ. ಟಾರ್ಚ್ ಹತ್ತಿರುವ ಫೋನ್ ನನ್ನ ಕೈಯಲ್ಲಿದೆ, ಪರದೆಯ ಮೇಲೆ ಮಾನಸಾಳ ಮೆಸೇಜು: 'ತೋರ್ಸಿದ್ನಾ?' ತುಟಿಯ ಹೊರಗಿದ್ದ ಬೀಡಿಯ ಬಾಲ ಸ್ವಲ್ಪ ಸ್ವಲ್ಪವಾಗಿ ಒಳಗೆ ಸರಿಯುತ್ತಿದೆ. ಎಷ್ಟು ಹೊತ್ತಾದರೂ ಬೂದಿ ಉಗುಳಲು ಅವನು ಬಾಯಿ ತೆರೆಯಲೇಬೇಕು. ಕೈಯಡ್ಡ ಹಿಡಿಯುತ್ತಾನೋ ಇಲ್ಲವೋ ಗೊತ್ತಿಲ್ಲ. ಹಿಡಿಯದಿದ್ದರೆ ನಾನು ನೋಡುತ್ತೇನೆ. ಹೆದರಿಕೆಯಾದರೂ ನೋಡುತ್ತೇನೆ. ಅವನು ಒಪ್ಪಿದರೆ ಕಂಡದ್ದನ್ನು ಮಾನಸಾಗೆ ಹೇಳುತ್ತೇನೆ.

ನಿಮಗೆ ಹೇಳುವುದಿಲ್ಲ.

ರಾಮಾ ನನ್ನ ಕಡೆ ತಿರುಗಿದ. ಕೈ ಇನ್ನೂ ಬಲೆಯ ಮೇಲೆಯೇ ಇದೆ.

ದಯವಿಟ್ಟು ನೀವು ಸ್ವಲ್ಪ ಆಚೆ ನೋಡಿ.